ದುಬೈ ಫ್ಲ್ಯಾಟ್, ಕಾರವಾರದ ದುಡ್ಡು: ಹಕ್ಕುಪತ್ರದಲ್ಲಿ ಯಾರ ಹೆಸರು?

ಈ ಪ್ರಕರಣ ನನ್ನ ಹತ್ತಿರ ಬಂದದ್ದು ತೆರಿಗೆ ಪ್ರಶ್ನೆಯಾಗಿ. ನಾನು ಶಿರಸಿಯಲ್ಲಿ ರಿಟರ್ನ್ ತುಂಬುವ ಕೆಲಸ ಮಾಡುವವನು. ಅಡಿಕೆ ಬೆಳೆಗಾರರು, ಸಣ್ಣ ವ್ಯಾಪಾರಿಗಳು, ನಿವೃತ್ತರೇ ಜಾಸ್ತಿ ಬರುತ್ತಾರೆ. ಕಾರವಾರದ ಒಬ್ಬ ನಿವೃತ್ತ ಶಿಕ್ಷಕಿ ಕೇಳಿದ್ದು ಇಷ್ಟೇ: ದುಬೈಗೆ ದೊಡ್ಡ ಮೊತ್ತ ಕಳಿಸಿದರೆ ಬ್ಯಾಂಕಿನವರು ಶೇ. 20 ಹಿಡಿದುಕೊಳ್ಳುತ್ತಾರಂತೆ, ಅದು ವಾಪಸ್ ಬರುತ್ತದಾ? ಬರುತ್ತದೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಯಾಕೆ ಕಳಿಸುತ್ತೀರಿ, ಯಾರಿಗೆ, ಯಾವ ಕಾಗದ ನೋಡಿ ಎಂದು ಕೇಳುತ್ತಾ ಹೋದ ಹಾಗೆ ಕಡತ ದಪ್ಪವಾಯಿತು. ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಹೆಸರು ಬೇಡ. ಶಿಕ್ಷಕಿಯನ್ನು ಅಕ್ಕ, ದುಬೈಯಲ್ಲಿರುವ ಅವರ ತಮ್ಮನನ್ನು ತಮ್ಮ, ಫ್ಲ್ಯಾಟ್ ಕೊಡಿಸುತ್ತೇನೆ ಎಂದು ಬಂದವನನ್ನು ಮಧ್ಯಸ್ಥ ಎಂದರೆ ಸಾಕು.

ತಮ್ಮ ದುಬೈಯ ಕರಾಮಾದಲ್ಲಿ ಬಹಳ ವರ್ಷದಿಂದ ಬಾಡಿಗೆಗೆ ಇದ್ದವರು. ಬಾಡಿಗೆ ಏರುತ್ತಲೇ ಇತ್ತು. ಅಷ್ಟರಲ್ಲಿ ಅಕ್ಕನ ಮಗಳಿಗೂ ಅಲ್ಲೇ ಕೆಲಸ ಸಿಕ್ಕಿತು. ಅಕ್ಕನ ಕೈಯಲ್ಲಿ ನಿವೃತ್ತಿಯ ಹಣ ಇತ್ತು, ಅಂಕೋಲಾ ಹತ್ತಿರ ಹೆದ್ದಾರಿ ಬದಿಯ ಜಾಗ ಮಾರಿದ ಹಣವೂ ಇತ್ತು. ಊರಲ್ಲೇ ಇನ್ನೊಂದು ಜಾಗ ತೆಗೆದುಕೊಳ್ಳೋಣ ಎಂದು ಹುಡುಕಿ ಸುಸ್ತಾಗಿದ್ದರು. ನಮ್ಮ ಜಿಲ್ಲೆಯ ಕಥೆ ಗೊತ್ತಲ್ಲ. ಮುಕ್ಕಾಲು ಪಾಲಿಗಿಂತ ಜಾಸ್ತಿ ಕಾಡು. ಉಳಿದದ್ದರಲ್ಲಿ ಸಮುದ್ರದ ಬದಿಗೆ ಹೋದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ), ಘಟ್ಟ ಹತ್ತಿದರೆ ಬೆಟ್ಟ ಮತ್ತು ಅತಿಕ್ರಮಣದ ರಗಳೆ, ಕಾರವಾರ–ಅಂಕೋಲಾ ನಡುವೆ ನೌಕಾನೆಲೆಗೆ ಹೋದ ಭೂಮಿ. ಮಾರಾಟಕ್ಕೆ ಇದೆ ಎಂದ ಜಾಗದ ಪಹಣಿ ತೆಗೆಸಿದರೆ ತೀರಿಹೋದ ಅಜ್ಜನ ಹೆಸರು, ಅದರ ಕೆಳಗೆ ಎಂಟು ಹತ್ತು ವಾರಸುದಾರರು. ಹಾಗಾಗಿ ದುಬೈಯಲ್ಲೇ ಒಂದು ಫ್ಲ್ಯಾಟ್ ಎಂಬ ಯೋಚನೆ ಬಂತು.

ಅಕ್ಕ ಈ ವಿಷಯದಲ್ಲಿ ಬಹಳ ಗಟ್ಟಿ. ಅಂಕೋಲಾದ ಜಾಗ ಕೊಳ್ಳುವಾಗ ಅವರು ಋಣಭಾರ ಪತ್ರ ತೆಗೆಸಿದ್ದರು, ಮ್ಯುಟೇಶನ್ (ಹೆಸರು ಬದಲಾವಣೆ) ಸಾಲು ಓದಿದ್ದರು. ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಜಾಗ ಎಂದು ಗೊತ್ತಾದ ಮೇಲೆ ಗೇಣಿದಾರರೇ ಮಾಲೀಕರಾದರು ಎನ್ನುವ ಅಧಿಭೋಗದಾರಿಕೆಯ ಪ್ರಮಾಣಪತ್ರವನ್ನೂ ಕೇಳಿದ್ದರು. ಪೋಡಿ (ಅಳೆದು ಬೇರೆ ಮಾಡುವುದು) ಆಗದ ಜಾಗ ಬೇಡ ಎಂದು ಒಂದು ವ್ಯವಹಾರ ಬಿಟ್ಟೂ ಇದ್ದರು. ಅದೇ ಅಕ್ಕ ದುಬೈ ಫ್ಲ್ಯಾಟಿಗೆ ನೋಡಿದ್ದು ವಾಟ್ಸಾಪ್‌ನಲ್ಲಿ ಮಧ್ಯಸ್ಥ ಕಳಿಸಿದ ಹಕ್ಕುಪತ್ರದ ಒಂದು ಫೋಟೊ. ಯಾಕೆ ಎಂದು ಕೇಳಿದೆ. "ಅಲ್ಲಿ ಎಲ್ಲ ಕಂಪ್ಯೂಟರ್, ಮೋಸ ಮಾಡೂಕೆ ಆಗೂದಿಲ್ಲ. ಮತ್ತೆ ಅವ ನಮ್ಮ ಬದಿಯವ್ನೇ ಅಲ್ದಾ?" ಎಂದರು.

ಇಡೀ ವ್ಯವಹಾರ ನಿಂತಿದ್ದು ಆ ಎರಡು ಮಾತಿನ ಮೇಲೆ.

ಮೊದಲ ಫ್ಲ್ಯಾಟ್

ಮಧ್ಯಸ್ಥ ನಿಜಕ್ಕೂ ನಮ್ಮ ಕರಾವಳಿಯವನು. ಕನ್ನಡ, ಕೊಂಕಣಿ ಎರಡೂ ಬರುತ್ತದೆ, ಜಾತ್ರೆಗೆ ಊರಿಗೆ ಬರುತ್ತಾನೆ. ಒಂದು ಬೆಡ್‌ರೂಮಿನ ಫ್ಲ್ಯಾಟ್ ಇದೆ ಎಂದಿದ್ದ. ಅಕ್ಕಪಕ್ಕದಲ್ಲಿ ಅಂಥದ್ದು ಸುಮಾರು 7 ಲಕ್ಷ ದಿರ್ಹಮ್‌ಗೆ ಹೋಗುತ್ತಿದ್ದಾಗ ಇದು 5 ಲಕ್ಷ 60 ಸಾವಿರಕ್ಕೆ. ಮಾಲೀಕರು ಬೇರೆ ರಾಜ್ಯದ ಭಾರತೀಯರು, ವಯಸ್ಸಾದವರು, ಊರಿಗೆ ಹೋಗಿಬಿಟ್ಟಿದ್ದಾರೆ, ಮಾರುವ ಅಧಿಕಾರಪತ್ರ ತನ್ನ ಕೈಯಲ್ಲಿದೆ ಎಂದ. ಮುಂಗಡ 2 ಲಕ್ಷ ರೂಪಾಯಿ ಭಾರತದ ತನ್ನ ಖಾತೆಗೆ ಹಾಕಬೇಕು. ಉಳಿದದ್ದನ್ನು ಬ್ಯಾಂಕಿನ ಗೊಡವೆ ಇಲ್ಲದೆ "ಬೇರೆ ದಾರಿಯಲ್ಲಿ" ಅಲ್ಲಿಗೆ ಮುಟ್ಟಿಸುತ್ತೇನೆ ಎಂದ. ಮೇಲಿಂದ ರೆಸಿಡೆನ್ಸ್ ವೀಸಾ ಫ್ರೀ ಎಂಬ ಆಸೆ ಬೇರೆ. ಗೋಲ್ಡನ್ ವೀಸಾ ಎಂಬ ದೀರ್ಘಾವಧಿಯ ವೀಸಾಕ್ಕೆ ಆಸ್ತಿಯ ಬೆಲೆ ಕಡಿಮೆ ಎಂದರೂ 20 ಲಕ್ಷ ದಿರ್ಹಮ್ ಇರಬೇಕು. ಈ ಫ್ಲ್ಯಾಟ್ ಅದರ ಹತ್ತಿರಕ್ಕೂ ಬರುವುದಿಲ್ಲ.

ನನಗೆ ಫೋನ್ ಬರುವಷ್ಟರಲ್ಲಿ ಅಕ್ಕ ಮುಂಗಡ ಹಾಕಿ ಆಗಿತ್ತು.

ಮೊದಲು ನೋಡಬೇಕಾದದ್ದು ಹೊರದೇಶದವರಿಗೆ ಆ ಜಾಗದಲ್ಲಿ ಹಕ್ಕು ಸಿಗುತ್ತದೋ ಇಲ್ಲವೋ ಎಂದು. ಯುಎಇ ಎಂದರೆ ಒಂದೇ ಕಾನೂನು ಎಂದು ನಾವು ಅಂದುಕೊಳ್ಳುತ್ತೇವೆ. ಭೂಮಿಯ ವಿಷಯದಲ್ಲಿ ಪ್ರತಿ ಎಮಿರೇಟ್‌ಗೂ ಬೇರೆ ಬೇರೆ. ದುಬೈಯಲ್ಲಿ 2006ರ 7ನೇ ನಂಬರಿನ ಕಾನೂನು ನಡೆಯುತ್ತದೆ. ಅದರ 4ನೇ ವಿಧಿಯಂತೆ ಎಲ್ಲೆಂದರಲ್ಲಿ ಆಸ್ತಿ ಹೊಂದುವ ಹಕ್ಕು ಯುಎಇ ಮತ್ತು ಕೊಲ್ಲಿ ಸಹಕಾರ ಮಂಡಳಿಯ ದೇಶಗಳ ಪ್ರಜೆಗಳಿಗೆ ಮಾತ್ರ. ನಮ್ಮಂಥವರಿಗೆ ದುಬೈಯ ದೊರೆ ಗುರುತಿಸಿದ ಪ್ರದೇಶಗಳಲ್ಲಿ ಮಾತ್ರ ಪೂರ್ಣ ಮಾಲೀಕತ್ವ, ಅಥವಾ 99 ವರ್ಷದವರೆಗಿನ ಗುತ್ತಿಗೆ. ಅಬುಧಾಬಿಯದು ಬೇರೆ ಕಾನೂನು. ಅಲ್ಲಿ ಹೂಡಿಕೆ ವಲಯಗಳಲ್ಲಿ ಹೊರದೇಶದವರಿಗೆ ಪೂರ್ಣ ಮಾಲೀಕತ್ವ ಸಿಕ್ಕಿದ್ದು 2019ರ ತಿದ್ದುಪಡಿಯ ಮೇಲೆ. ಶಾರ್ಜಾ ಬಾಗಿಲು ತೆರೆದದ್ದು 2022ರಲ್ಲಿ. ಹಾಗಾಗಿ "ಶಾರ್ಜಾ ಬಾರ್ಡರ್, ದುಬೈಯಿಂದ ಹತ್ತೇ ನಿಮಿಷ" ಎಂದು ಯಾರಾದರೂ ಹೇಳಿದರೆ ಬಾರ್ಡರಿನ ಯಾವ ಬದಿ ಎಂದು ಕೇಳಲೇಬೇಕು. ಇಲ್ಲಿ ಆ ತೊಂದರೆ ಇರಲಿಲ್ಲ. ಫ್ಲ್ಯಾಟ್ ದುಬೈಯ ಗುರುತಿಸಿದ ಪ್ರದೇಶದಲ್ಲೇ ಇತ್ತು.

ಆಮೇಲೆ ಹಕ್ಕುಪತ್ರ, ಅಂದರೆ ಅಲ್ಲಿಯ ಭೂ ಇಲಾಖೆ ಕೊಡುವ ಮಾಲೀಕತ್ವದ ಪತ್ರ. ಫೋಟೊದಲ್ಲಿದ್ದದ್ದು 2016ರ ಪತ್ರ. ಅರೇಬಿಕ್, ಇಂಗ್ಲಿಷ್ ಎರಡರಲ್ಲೂ ಅಚ್ಚುಕಟ್ಟಾಗಿತ್ತು. ನಕಲಿ ಅಂತೂ ಅಲ್ಲ. ದುಬೈ ಭೂ ಇಲಾಖೆಗೆ ದುಬೈ ರೆಸ್ಟ್ ಎಂಬ ಆ್ಯಪ್ ಇದೆ. ಪತ್ರದ ನಂಬರ್, ವರ್ಷ ಹಾಕಿದರೆ ಅದು ಚಾಲ್ತಿಯಲ್ಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ತಮ್ಮ ಹಾಕಿ ನೋಡಿದರು. ಚಾಲ್ತಿಯಲ್ಲಿ ಇರಲಿಲ್ಲ.

ಇಲ್ಲಿ ಗಾಬರಿಯಾಗಿ ಕಳ್ಳ ಎಂದು ಕೂಗುವ ಅಗತ್ಯ ಇಲ್ಲ. ಆಸ್ತಿಯ ಸ್ಥಿತಿ ಬದಲಾದಾಗ ಹೊಸ ಪತ್ರ ಬರುತ್ತದೆ, ಹಳೆಯದು ಕೆಲಸಕ್ಕೆ ಬಾರದ್ದಾಗುತ್ತದೆ. ಪ್ರಶ್ನೆ ಏನೆಂದರೆ, ಹೊಸ ಪತ್ರ ಇದ್ದೂ ಹಳೆಯದನ್ನು ಯಾಕೆ ಕಳಿಸಿದ? ತಮ್ಮ ಪಟ್ಟು ಹಿಡಿದು ಕೇಳಿದ ಮೇಲೆ ಹೊಸದು ಬಂತು. ಅದರಲ್ಲಿ ಬ್ಯಾಂಕಿನ ಅಡಮಾನ ನಮೂದಾಗಿತ್ತು. "ಹೋ, ಅದು ಚಿಲ್ರೆ ಸಾಲ, ತೀರ್ಸಿಬಿಡ್ತೇವೆ" ಎಂದು ಮಧ್ಯಸ್ಥ ಹೇಳಿದ. ಅಡಮಾನ ಇರುವ ಫ್ಲ್ಯಾಟುಗಳು ದುಬೈಯಲ್ಲಿ ದಿನಾ ಮಾರಾಟವಾಗುತ್ತವೆ. ಅದಕ್ಕೆ ಸರಿಯಾದ ದಾರಿ ಇದೆ. ಎಷ್ಟು ಬಾಕಿ ಎಂದು ಬ್ಯಾಂಕೇ ಪತ್ರ ಕೊಡುತ್ತದೆ, ಕೊಳ್ಳುವವರ ಹಣದಲ್ಲಿ ಆ ಭಾಗ ನೇರ ಬ್ಯಾಂಕಿಗೆ ಹೋಗುತ್ತದೆ, ಅಡಮಾನ ಬಿಡುಗಡೆಯಾಗಿ ವರ್ಗಾವಣೆ ನಡೆಯುತ್ತದೆ. ಮಧ್ಯಸ್ಥನ ಕಾರವಾರದ ಖಾತೆಗೆ ಹಾಕಿದ ಹಣಕ್ಕೆ ಈ ದಾರಿಯಲ್ಲಿ ಎಲ್ಲೂ ಜಾಗವಿಲ್ಲ.

ನನಗೆ ಹೆಚ್ಚು ಕಸಿವಿಸಿ ಮಾಡಿದ್ದು ಅಧಿಕಾರಪತ್ರ. ನಮ್ಮಲ್ಲಿ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಎಂಬ ಹೆಸರಲ್ಲಿ ಏನೇನು ನಡೆದಿದೆ ಎಂದು ಜಾಗದ ವ್ಯವಹಾರ ಮಾಡಿದ ಎಲ್ಲರಿಗೂ ಗೊತ್ತು. ಭಾರತದಲ್ಲಿ ಬರೆದ ಅಧಿಕಾರಪತ್ರ ದುಬೈಯಲ್ಲಿ ನಡೆಯಬೇಕಾದರೆ ನೋಟರಿ ಸೀಲ್ ಒಂದೇ ಸಾಲದು. ರಾಜ್ಯ ಸರ್ಕಾರದ ದೃಢೀಕರಣ, ದೆಹಲಿಯ ವಿದೇಶಾಂಗ ಸಚಿವಾಲಯದ ಸೀಲ್, ಯುಎಇ ರಾಯಭಾರ ಕಚೇರಿಯ ಸೀಲ್, ಆಮೇಲೆ ಅಲ್ಲಿಯ ವಿದೇಶಾಂಗ ಇಲಾಖೆಯ ಸೀಲ್, ಕೊನೆಗೆ ಮಾನ್ಯತೆ ಪಡೆದವರಿಂದ ಅರೇಬಿಕ್ ಅನುವಾದ. ಮಧ್ಯಸ್ಥ ಕಳಿಸಿದ ಪ್ರತಿಯಲ್ಲಿ ಮೊದಲನೆಯ ಸೀಲಿನಿಂದ ಮುಂದೆ ಏನೂ ಇರಲಿಲ್ಲ. ಹೊಸ ಅಧಿಕಾರಪತ್ರ ತರಿಸಿ, ಇಲ್ಲದಿದ್ದರೆ ಮಾಲೀಕರನ್ನು ಒಮ್ಮೆ ವಿಡಿಯೊ ಕರೆಯಲ್ಲಿ ಮಾತಾಡಿಸಿ ಎಂದು ತಮ್ಮ ಕೇಳಿದರು. ಅವರಿಗೆ ಕಿವಿ ಕೇಳುವುದಿಲ್ಲ, ಅವರ ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಮಗನ ಮದುವೆ ಇದೆ ಎಂದೆಲ್ಲ ಹೇಳಿ ದಿನ ಕಳೆದ.

ತಮ್ಮ ಅದೇ ಕಟ್ಟಡದಲ್ಲಿದ್ದ ಪರಿಚಿತರೊಬ್ಬರನ್ನು ವಿಚಾರಿಸಿದರು. ಮಾಲೀಕರು ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಅಧಿಕಾರ ಕೊಟ್ಟವರು ತೀರಿಕೊಂಡರೆ ಅಧಿಕಾರಪತ್ರವೂ ಅಲ್ಲಿಗೆ ಮುಗಿಯುತ್ತದೆ. ನಮ್ಮ ಕರಾರು ಕಾಯ್ದೆ ಹೇಳುವುದೂ ಇದೇ, ಅಲ್ಲಿಯ ಕಾನೂನು ಹೇಳುವುದೂ ಇದೇ. ಇನ್ನು ವಾರಸುದಾರರು ದುಬೈ ಕೋರ್ಟಿಗೆ ಹೋಗಿ ಉತ್ತರಾಧಿಕಾರದ ಆದೇಶ ತಂದು, ತಮ್ಮ ಹೆಸರಿಗೆ ಮಾಡಿಸಿಕೊಂಡ ಮೇಲೆಯೇ ಮಾರಾಟ. ಅಂದರೆ ಆ ಹೊತ್ತಿಗೆ ಆ ಫ್ಲ್ಯಾಟ್ ಮಾರುವ ಅಧಿಕಾರ ಇದ್ದವರು ಯಾರೂ ಇರಲಿಲ್ಲ. ಮಧ್ಯಸ್ಥನಿಗೆ ಇದು ಗೊತ್ತಿತ್ತೋ, ವಾರಸುದಾರರ ಜೊತೆ ಮಾತಾಡಿಕೊಂಡೇ ಹೊರಟಿದ್ದನೋ ನಾನು ಹೇಳಲಾರೆ. ಅವನು ತಕ್ಷಣ ಇನ್ನೊಂದು ಯೋಜನೆ ತೋರಿಸಿದ. ಇನ್ನೂ ಕಟ್ಟುತ್ತಿರುವ ಕಟ್ಟಡ, ಶೇ. 10 ಕೊಟ್ಟರೆ ಸಾಕು ಎಂದ. ಕಟ್ಟುತ್ತಿರುವ ಮನೆಗೂ ದುಬೈಯಲ್ಲಿ ಕಾನೂನು ಬಿಗಿ ಇದೆ. 2007ರ 8ನೇ ಕಾನೂನಿನಂತೆ ಹಣ ಆ ಯೋಜನೆಗೆಂದೇ ಮೀಸಲಾದ ಎಸ್ಕ್ರೋ ಖಾತೆಗೇ ಹೋಗಬೇಕು. 2008ರ 13ನೇ ಕಾನೂನಿನಂತೆ ಮಾರಾಟ ತಾತ್ಕಾಲಿಕ ನೋಂದಣಿ ಪುಸ್ತಕದಲ್ಲಿ ದಾಖಲಾಗಬೇಕು, ಇಲ್ಲದಿದ್ದರೆ ಅದು ಮಾರಾಟವೇ ಅಲ್ಲ. ಎಸ್ಕ್ರೋ ಖಾತೆ ನಂಬರ್ ಕೊಡಿ ಎಂದ ಮೇಲೆ ಮಧ್ಯಸ್ಥನ ಫೋನ್ ಬರುವುದು ನಿಂತಿತು.

ನಮ್ಮ ನಮ್ಮೊಳಗೆ

ಇಲ್ಲಿಯವರೆಗಿನದು ಮೋಸ ತಪ್ಪಿಸುವ ಕೆಲಸ. ಅದು ಹೋಲಿಕೆಯಲ್ಲಿ ಸುಲಭ, ಯಾಕೆಂದರೆ ಎದುರಿಗೆ ಇರುವವನು ಹೊರಗಿನವನು. ಕಷ್ಟವಾದದ್ದು ಅಕ್ಕ ತಮ್ಮನ ನಡುವಿನದು.

ಹೊಸ ಫ್ಲ್ಯಾಟ್ ಹುಡುಕಲು ಶುರು ಮಾಡಿದಾಗ ತಮ್ಮ ಹೇಳಿದ್ದು: "ನನ್ನ ಹೆಸರಲ್ಲೇ ತಗೊಳ್ಳೋಣ. ಅಲ್ಲಿ ಇರುವವನು ನಾನು, ಕಾಗದಪತ್ರ ಸುಲಭ. ಅಕ್ಕನ ಪಾಲು ನಮ್ಮ ನಮ್ಮೊಳಗೆ." ಅಕ್ಕನೂ ಹೂಂ ಎಂದಿದ್ದರು. ನಮ್ಮ ಊರುಗಳಲ್ಲಿ ಇದಕ್ಕಿಂತ ಸಹಜವಾದ ಮಾತು ಇಲ್ಲ. ತೋಟ ದೊಡ್ಡಣ್ಣನ ಹೆಸರಲ್ಲಿ ಇರುತ್ತದೆ, ಅಡಿಕೆ ದುಡ್ಡು ಎಲ್ಲರಿಗೂ ಹಂಚಿಹೋಗುತ್ತದೆ. ಪಹಣಿಯಲ್ಲಿ ಒಬ್ಬರ ಹೆಸರು ಇದೆ ಎಂದರೆ ಉಳಿದವರ ಹಕ್ಕು ಹೋಯಿತು ಎಂದು ಯಾರೂ ತಿಳಿಯುವುದಿಲ್ಲ. ನಮ್ಮ ಕಾನೂನೂ ಹಾಗೆಯೇ ಇದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನಂತೆ ಪಹಣಿಯಲ್ಲಿ ಇರುವುದು ಸುಳ್ಳೆಂದು ಸಾಬೀತಾಗುವವರೆಗೆ ನಿಜ ಎಂಬ ಊಹೆ, ಅಷ್ಟೇ. ಮ್ಯುಟೇಶನ್‌ನಿಂದ ಮಾಲೀಕತ್ವ ಹುಟ್ಟುವುದಿಲ್ಲ. ನೋಂದಾಯಿತ ಕ್ರಯಪತ್ರ ಇದ್ದರೂ ಮಾರಿದವನಿಗೆ ಹಕ್ಕೇ ಇರಲಿಲ್ಲ ಎಂದು ನಾಳೆ ಇನ್ನೊಬ್ಬ ಬರಬಹುದು. ಇದು ಕೊಳ್ಳುವವರಿಗೆ ತಲೆನೋವು. ಅದೇ ಸಮಯಕ್ಕೆ ಹೆಸರಿಲ್ಲದ ತಂಗಿಗೆ ರಕ್ಷಣೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಮೇಲೆ ಎಷ್ಟು ಹೆಣ್ಣುಮಕ್ಕಳು ವಂಶವೃಕ್ಷ ಹಿಡಿದು ಕೋರ್ಟಿಗೆ ಹೋಗಿ ಪಾಲು ತಂದಿಲ್ಲ?

ದುಬೈಯ 2006ರ ಕಾನೂನಿನ 7ನೇ ವಿಧಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಭೂನೋಂದಣಿ ಪುಸ್ತಕದಲ್ಲಿ ಇರುವುದೇ ಎಲ್ಲರ ಎದುರಿಗೂ ಪೂರ್ಣ ಸಾಕ್ಷ್ಯ. ವಂಚನೆ ಅಥವಾ ಖೊಟ್ಟಿ ದಾಖಲೆ ಎಂದು ಸಾಬೀತುಮಾಡದೆ ಅದನ್ನು ಪ್ರಶ್ನಿಸುವ ಹಾಗಿಲ್ಲ. ಮಾಲೀಕನ ಬೆನ್ನ ಹಿಂದೆ ಇನ್ನೂ ಯಾರ್‍ಯಾರು ಇದ್ದಾರೆ ಎಂದು ಹುಡುಕುವ ಕಷ್ಟ ಕೊಳ್ಳುವವರಿಗೆ ಇಲ್ಲ. ಅಕ್ಕ ಹೇಳಿದ "ಎಲ್ಲ ಕಂಪ್ಯೂಟರ್" ಎಂಬ ಮಾತಿನಲ್ಲಿ ಅರ್ಧ ಸತ್ಯ ಇತ್ತು, ನೋಡಿ. ಉಳಿದರ್ಧ ಅವರ ಗಮನಕ್ಕೆ ಬಂದಿರಲಿಲ್ಲ. ಆ ಬಿಗಿ ಪುಸ್ತಕದಲ್ಲಿ ತಮ್ಮನ ಹೆಸರು ಮಾತ್ರ ಇದ್ದರೆ ಅಕ್ಕ ಆ ಫ್ಲ್ಯಾಟಿಗೆ ಏನೂ ಅಲ್ಲ. ತಮ್ಮ ನಾಳೆ ಸಾಲ ಮಾಡಿ ತೀರಿಸದಿದ್ದರೆ ಬ್ಯಾಂಕು ಇಡೀ ಫ್ಲ್ಯಾಟಿಗೆ ಕೈ ಹಾಕುತ್ತದೆ. ತಮ್ಮ ತೀರಿಕೊಂಡರೆ ಇಡೀ ಫ್ಲ್ಯಾಟ್ ಅವರ ಹೆಂಡತಿ ಮಕ್ಕಳಿಗೆ ಹೋಗುತ್ತದೆ. ಯುಎಇಯ 2022ರ 41ನೇ ಫೆಡರಲ್ ಕಾನೂನಿನಂತೆ ಮುಸ್ಲಿಮೇತರರು ವಿಲ್ ಮಾಡದೆ ತೀರಿಕೊಂಡರೆ ಅರ್ಧ ಸಂಗಾತಿಗೆ, ಉಳಿದರ್ಧ ಮಕ್ಕಳಿಗೆ ಸಮವಾಗಿ. ಸ್ವದೇಶದ ಕಾನೂನು ಬೇಕು ಎಂದು ಕೇಳಬಹುದು. ಆದರೆ ಯಾವ ಕಾನೂನು ಹಿಡಿದರೂ ಹಂಚಿಕೆಯಾಗುವುದು ತಮ್ಮನ ಹೆಸರಲ್ಲಿದ್ದ ಆಸ್ತಿ. ಕಾರವಾರದಿಂದ ಹೋದ ದುಡ್ಡು ಎಲ್ಲಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇದನ್ನು ಹೇಳಿದಾಗ ತಮ್ಮನಿಗೆ ಬೇಸರವಾಯಿತು. ಫೋನಿನಲ್ಲಿ "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಅಕ್ಕನಿಗೆ ಕೇಳಿದರಂತೆ. ಅಕ್ಕ ಕೆಲವು ದಿನ ಈ ವಿಷಯವೇ ಬೇಡ ಎಂದುಬಿಟ್ಟರು. ಇಂಥ ಹೊತ್ತಲ್ಲಿ ಲೆಕ್ಕ ನೋಡುವವನು ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು. ಕೊನೆಗೆ ಮಾತಾಡಿದ್ದು ಅಕ್ಕನ ಮಗಳು. ಮಾಮ ಇರುವಷ್ಟು ದಿನ ಏನೂ ಆಗುವುದಿಲ್ಲ, ಅವರಿಗೇನಾದರೂ ಆದರೆ ಅತ್ತೆಯ ಎದುರು ನಾನು ಕೋರ್ಟಿನಲ್ಲಿ ನಿಲ್ಲಬೇಕಾ ಎಂದು ನೇರವಾಗಿ ಕೇಳಿದಳು. ತಮ್ಮನ ಹೆಂಡತಿಯೂ ಅವಳ ಕಡೆಯೇ ಮಾತಾಡಿದರು. ಹಕ್ಕುಪತ್ರದಲ್ಲಿ ಇಬ್ಬರ ಹೆಸರನ್ನೂ, ಯಾರದು ಎಷ್ಟು ಪಾಲು ಎಂಬುದನ್ನೂ ಬರೆಸಬಹುದು. 7 ಲಕ್ಷ ದಿರ್ಹಮ್‌ನ ಫ್ಲ್ಯಾಟಿಗೆ ತಮ್ಮನದು 4 ಲಕ್ಷ, ಅಕ್ಕನದು 3 ಲಕ್ಷ. ಪಾಲೂ ಅದೇ ಲೆಕ್ಕದಲ್ಲಿ ಎಂದು ತೀರ್ಮಾನವಾಯಿತು.

ದುಡ್ಡು ಹೋದ ದಾರಿ

ತಮ್ಮನ 4 ಲಕ್ಷ ಅಲ್ಲೇ ದುಡಿದದ್ದು, ಅದಕ್ಕೆ ಭಾರತದ ಯಾವ ಅನುಮತಿಯೂ ಬೇಡ. ಅಕ್ಕನದು ಕಾರವಾರದಿಂದ ಹೋಗಬೇಕು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಭಾರತದ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಬಹುದು. ದಿರ್ಹಮ್‌ನ ಬೆಲೆಯನ್ನು ಒಂದು ಡಾಲರಿಗೆ 3.6725 ಎಂದು ಕಟ್ಟಿಹಾಕಿದ್ದಾರೆ. ಹಾಗಾಗಿ 3 ಲಕ್ಷ ದಿರ್ಹಮ್ ಎಂದರೆ ಸುಮಾರು 81,700 ಡಾಲರ್. ಮಿತಿಯೊಳಗೇ ಇದೆ. ಆ ಹಣದಲ್ಲಿ ಹೊರದೇಶದ ಸ್ಥಿರಾಸ್ತಿ ಕೊಳ್ಳಲು, ಹೊರದೇಶದಲ್ಲಿರುವ ಸಂಬಂಧಿಕರ ಜೊತೆ ಜಂಟಿಯಾಗಿ ಕೊಳ್ಳಲು 2022ರ ಸಾಗರೋತ್ತರ ಹೂಡಿಕೆ ನಿಯಮಗಳಲ್ಲಿ ಅವಕಾಶ ಇದೆ. ಇಷ್ಟು ಸಲೀಸಾದ ದಾರಿ ಇರುವಾಗ ಮಧ್ಯಸ್ಥನ "ಬೇರೆ ದಾರಿ", ಅಂದರೆ ಹವಾಲಾ, ಯಾಕೆ ಬೇಕಿತ್ತು? ಫೆಮಾ ಎಂಬ ವಿದೇಶಿ ವಿನಿಮಯ ಕಾನೂನಿನ ಉಲ್ಲಂಘನೆ ಒಂದು ಕಡೆ. ಕೋರ್ಟಿನಲ್ಲಿ "ಈ ದುಡ್ಡು ನನ್ನದು" ಎಂದು ತೋರಿಸಲು ಒಂದು ಚೂರು ಕಾಗದವೂ ಇಲ್ಲದ ಸ್ಥಿತಿ ಇನ್ನೊಂದು ಕಡೆ.

ಶೇ. 20ರ ವಿಷಯಕ್ಕೆ ಬರೋಣ. ಆಗ ದಿರ್ಹಮ್‌ಗೆ ಸುಮಾರು 23 ರೂಪಾಯಿ ಹಿಡಿದರೆ 3 ಲಕ್ಷ ದಿರ್ಹಮ್‌ಗೆ 69 ಲಕ್ಷ ರೂಪಾಯಿ. 2025ರ ಏಪ್ರಿಲ್‌ನಿಂದ ವರ್ಷಕ್ಕೆ ಮೊದಲ 10 ಲಕ್ಷಕ್ಕೆ ಟಿಸಿಎಸ್ (ಕಳಿಸುವಾಗ ಬ್ಯಾಂಕು ಮೊದಲೇ ಹಿಡಿದುಕೊಳ್ಳುವ ತೆರಿಗೆ) ಇಲ್ಲ. ಉಳಿದ 59 ಲಕ್ಷಕ್ಕೆ ಶೇ. 20, ಅಂದರೆ 11 ಲಕ್ಷ 80 ಸಾವಿರ. ಇದು ಹೊಸ ತೆರಿಗೆ ಏನಲ್ಲ. ರಿಟರ್ನ್ ತುಂಬಿದಾಗ ನಿಮ್ಮ ತೆರಿಗೆಗೆ ವಜಾ ಆಗಿ ಉಳಿದದ್ದು ವಾಪಸ್ ಬರುತ್ತದೆ. ಆದರೆ ಕಳಿಸುವ ದಿನ ಅಕ್ಕನ ಖಾತೆಯಲ್ಲಿ 69 ಇದ್ದರೆ ಸಾಲದು, 80 ಲಕ್ಷ 80 ಸಾವಿರ ಇರಬೇಕು. ಈ ಲೆಕ್ಕ ಹಾಕದೆ ಅಲ್ಲಿ ತಾರೀಖು ಗೊತ್ತುಮಾಡಿ ಇಲ್ಲಿ ಎಫ್‌ಡಿ ಮುರಿಸಲು ಓಡುವವರನ್ನು ನೋಡಿದ್ದೇನೆ. ಸಮಯ ಇದ್ದರೆ ಮಾರ್ಚ್‌ನಲ್ಲಿ ಸ್ವಲ್ಪ, ಏಪ್ರಿಲ್‌ನಲ್ಲಿ ಉಳಿದದ್ದು ಕಳಿಸಬಹುದು. ಎರಡು ವರ್ಷದ 10 ಲಕ್ಷದ ವಿನಾಯಿತಿ ಸಿಗುತ್ತದೆ, 2 ಲಕ್ಷ ಸುಮ್ನೆ ಸಿಕ್ಕಿಹಾಕಿಕೊಳ್ಳುವುದು ತಪ್ಪುತ್ತದೆ.

ಬ್ಯಾಂಕಿನಲ್ಲಿ ಎ2 ಎಂಬ ಫಾರ್ಮ್ ತುಂಬಬೇಕು. ಅದರಲ್ಲಿ ಹಣ ಕಳಿಸುವ ಉದ್ದೇಶ ಬರೆಯುವ ಜಾಗ ಇದೆ. ಶಾಖೆಯಲ್ಲಿ ಹೆಚ್ಚಾಗಿ ಬರುವುದು ಮಕ್ಕಳ ಓದಿಗೆ, ಸಂಬಂಧಿಕರ ಖರ್ಚಿಗೆ ಕಳಿಸುವವರು. ಹಣ ತಮ್ಮನ ಖಾತೆಗೆ ಹೋಗುತ್ತಿದೆ ಎಂದು ನೋಡಿ ಕೌಂಟರಿನವರು "ಗಿಫ್ಟ್ ಅಂತ ಹಾಕಿಬಿಡಿ ಮೇಡಂ, ಸುಲಭ" ಎಂದರು. ಸುಲಭ ನಿಜ. ಆದರೆ ಆ ಒಂದು ಗುರುತು ಬಿದ್ದ ಮೇಲೆ ಹಣ ತಮ್ಮನದು. ಹಕ್ಕುಪತ್ರದಲ್ಲಿ ಅಕ್ಕನ ಪಾಲು, ಬ್ಯಾಂಕಿನ ಕಾಗದದಲ್ಲಿ ತಮ್ಮನಿಗೆ ಉಡುಗೊರೆ ಎಂದಾದರೆ ಮುಂದೆ ಎರಡು ದೇಶದ ಅಧಿಕಾರಿಗಳಿಗೂ ವಿವರಣೆ ಕೊಡುತ್ತಾ ಕೂರಬೇಕು. ಸ್ಥಿರಾಸ್ತಿ ಖರೀದಿ ಎಂಬ ಕೋಡನ್ನೇ ಹಾಕಿಸಿ, ಮಾರಾಟ ಒಪ್ಪಂದದ ಪ್ರತಿ ಜೊತೆಗಿಟ್ಟೆವು. ಶಾಖೆಯಿಂದ ಮೇಲಿನ ಕಚೇರಿಗೆ ಹೋಗಿ ಬರಲು ಸ್ವಲ್ಪ ತಡವಾಯಿತು.

ಎರಡನೇ ಫ್ಲ್ಯಾಟ್

ಇದರಲ್ಲಿ ಹೇಳುವಂಥ ನಾಟಕ ಇಲ್ಲ. ಜಾಹೀರಾತಿನಲ್ಲಿ ಭೂ ಇಲಾಖೆಯ ಪರವಾನಗಿ ನಂಬರ್ ಇತ್ತು. ಬ್ರೋಕರ್ ನೋಂದಾಯಿತ ಎಂದು ಆ್ಯಪ್‌ನಲ್ಲೇ ನೋಡಿಕೊಂಡರು. ಮಾರುವವರು ದುಬೈಯಲ್ಲೇ ಇದ್ದರು. ಹಕ್ಕುಪತ್ರ ಚಾಲ್ತಿಯಲ್ಲಿತ್ತು, ಅಡಮಾನ ಇರಲಿಲ್ಲ. ಕಾಂಟ್ರ್ಯಾಕ್ಟ್ ಎಫ್ ಎಂಬ ಇಲಾಖೆಯ ಮಾದರಿ ಒಪ್ಪಂದಕ್ಕೆ ಎರಡೂ ಕಡೆ ಸಹಿ ಆಯಿತು. ಮುಂಗಡ ಶೇ. 10, ಮಾರುವವರ ಹೆಸರಿನ ಚೆಕ್, ಅದು ವರ್ಗಾವಣೆಯವರೆಗೆ ಬ್ರೋಕರ್ ಹತ್ತಿರ ನಗದಾಗದೆ ಇರುತ್ತದೆ. ಆಮೇಲೆ ಕಟ್ಟಿದ ಕಂಪನಿಯಿಂದ ನಿರಾಕ್ಷೇಪಣಾ ಪತ್ರ. ಮಾರುವವರು ಸರ್ವಿಸ್ ಚಾರ್ಜ್ ಬಾಕಿ ಉಳಿಸಿದ್ದರು. ಅದನ್ನು ತೀರಿಸದೆ ಆ ಪತ್ರ ಸಿಗುವುದಿಲ್ಲ, ಆ ಪತ್ರ ಇಲ್ಲದೆ ವರ್ಗಾವಣೆ ಇಲ್ಲ.

ತಡೆ ಬಂದದ್ದು ಹೆಸರಿನಲ್ಲಿ. ಅಕ್ಕನ ಹಳೆಯ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಉಪನಾಮದ ಜಾಗ ಖಾಲಿ. ನಮ್ಮ ಕಡೆಯ ಹಿರಿಯ ಹೆಂಗಸರಲ್ಲಿ ಇದು ಸಾಮಾನ್ಯ. ಪ್ಯಾನ್ ಕಾರ್ಡಿನಲ್ಲಿ ಗಂಡನ ಮನೆಯ ಉಪನಾಮ, ಪಿಂಚಣಿ ಕಾಗದದಲ್ಲಿ ತಂದೆಯ ಹೆಸರಿನ ಇನಿಷಿಯಲ್. 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್ ಹಿಡಿದು ಭೇಟಿ ವೀಸಾದಲ್ಲಿ ಬರುವವರಿಗೆ ಯುಎಇ ತಕರಾರು ಮಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಕ್ಕುಪತ್ರದಲ್ಲಿ ಬರುವುದು ಪಾಸ್‌ಪೋರ್ಟಿನ ಹೆಸರು, ಅದು ಪ್ಯಾನ್‌ಗೆ ಹೊಂದಬೇಕು. ಮೊದಲು ಪಾಸ್‌ಪೋರ್ಟ್ ಸರಿಮಾಡಿಸಿಕೊಂಡರು. ತಮ್ಮನಿಗೆ ಅಧಿಕಾರಪತ್ರ ಕೊಟ್ಟರೆ ಹೋಗುವುದೇ ಬೇಡ ಎಂಬ ಮಾತು ಬಂತು. ಆ ಸೀಲುಗಳ ಪಟ್ಟಿ ಓದಿದ ಅಕ್ಕ "ಅದಕ್ಕಿಂತ ನಾನೇ ಹೋಗಿ ಬರೂದು ಕಡಿಮೆ ಖರ್ಚು" ಎಂದು ಮಂಗಳೂರಿನಿಂದ ವಿಮಾನ ಹತ್ತಿದರು. ನನಗೂ ಸರಿ ಅನ್ನಿಸಿತು.

ವರ್ಗಾವಣೆ ನಡೆದದ್ದು ಇಲಾಖೆ ಮಾನ್ಯ ಮಾಡಿದ ಟ್ರಸ್ಟಿ ಕಚೇರಿಯಲ್ಲಿ. ಹಣ ಬ್ಯಾಂಕ್ ಕೊಟ್ಟ ಮ್ಯಾನೇಜರ್ಸ್ ಚೆಕ್ ರೂಪದಲ್ಲಿ, ಎಲ್ಲರೂ ಒಂದೇ ಮೇಜಿನ ಎದುರು. ವರ್ಗಾವಣೆ ಶುಲ್ಕ ಬೆಲೆಯ ಶೇ. 4. 2013ರವರೆಗೆ ಇದು ಶೇ. 2 ಇತ್ತು. ಕೊಳ್ಳುವವರು ಮಾರುವವರು ಅರ್ಧರ್ಧ ಕೊಡಬೇಕು ಎಂದಿದ್ದರೂ ರೂಢಿಯಲ್ಲಿ ಕೊಳ್ಳುವವರೇ ಪೂರ್ತಿ ಕೊಡುತ್ತಾರೆ. ಅದು 28,000 ದಿರ್ಹಮ್. ಟ್ರಸ್ಟಿ ಕಚೇರಿಗೆ ವ್ಯಾಟ್ ಸೇರಿ 4,200. ಹಕ್ಕುಪತ್ರಕ್ಕೆ 580. ಬ್ರೋಕರ್‌ಗೆ ಶೇ. 2 ಮತ್ತು ವ್ಯಾಟ್, 14,700. ಒಟ್ಟು 47,480 ದಿರ್ಹಮ್, ಸುಮಾರು 11 ಲಕ್ಷ ರೂಪಾಯಿ. ನಮ್ಮ ಮುದ್ರಾಂಕ ಶುಲ್ಕಕ್ಕೆ ಬೈಯುವವರು ಇದನ್ನೂ ನೋಡಬೇಕು. ಅದೇ ದಿನ ಇಬ್ಬರ ಹೆಸರು, ಪಾಲು ಇರುವ ಹಕ್ಕುಪತ್ರ ಕೈಗೆ ಬಂತು. ಅಕ್ಕ ಅಲ್ಲೇ ಕೂತು ನಂಬರನ್ನು ಮತ್ತೆ ಆ್ಯಪ್‌ಗೆ ಹಾಕಿ ನೋಡಿದರಂತೆ.

ಈಗಿನ ಸ್ಥಿತಿ

ಅಕ್ಕನ ರಿಟರ್ನ್ ಇನ್ನು ಐಟಿಆರ್–1 ಎಂಬ ಸರಳ ಫಾರ್ಮಿನಲ್ಲಿ ಆಗುವುದಿಲ್ಲ. ಹೊರದೇಶದ ಆಸ್ತಿ ಇರುವ ನಿವಾಸಿಗಳು ಅದನ್ನು ಶೆಡ್ಯೂಲ್ ಎಫ್‌ಎ ಎಂಬ ಭಾಗದಲ್ಲಿ ಪ್ರತಿ ವರ್ಷ ತೋರಿಸಬೇಕು. ಆದಾಯ ಬರಲಿ ಬಿಡಲಿ, ತೋರಿಸಲೇಬೇಕು. ಮರೆತರೆ 2015ರ ಕಪ್ಪುಹಣ ಕಾಯ್ದೆಯಲ್ಲಿ ದಂಡ 10 ಲಕ್ಷ ರೂಪಾಯಿ. ಈಗ ಫ್ಲ್ಯಾಟಿನಲ್ಲಿ ತಮ್ಮನ ಕುಟುಂಬ ಮತ್ತು ಅಕ್ಕನ ಮಗಳು ಇದ್ದಾರೆ, ಬಾಡಿಗೆ ಇಲ್ಲ. ಮುಂದೆ ಬಾಡಿಗೆಗೆ ಕೊಟ್ಟರೆ ದುಬೈಯಲ್ಲಿ ಅದಕ್ಕೆ ಆದಾಯ ತೆರಿಗೆ ಇಲ್ಲ, ಅಕ್ಕನ ಪಾಲಿನ ಬಾಡಿಗೆ ಇಲ್ಲಿಯ ರಿಟರ್ನ್‌ಗೆ ಬರುತ್ತದೆ. ತಮ್ಮ ಅನಿವಾಸಿ, ಅವರಿಗೆ ಈ ಗೊಡವೆ ಇಲ್ಲ. ಟಿಸಿಎಸ್ ಹಣದಲ್ಲಿ ಪಿಂಚಣಿಯ ತೆರಿಗೆ ಕಳೆದು ಉಳಿದದ್ದು ರಿಫಂಡ್ ಬಂತು.

ಮಧ್ಯಸ್ಥನಿಗೆ ಕೊಟ್ಟ 2 ಲಕ್ಷದಲ್ಲಿ ಅರ್ಧ ವಾಪಸ್ ಬಂದಿದೆ. ವಕೀಲರ ನೋಟಿಸ್ ಹೋದ ಮೇಲೆ ಬಂದದ್ದು. ಯುಪಿಐ ಮಾಡುವಾಗ ಷರಾ ಜಾಗದಲ್ಲಿ ಅಕ್ಕ ಏನೂ ಬರೆದಿರಲಿಲ್ಲ. ಫ್ಲ್ಯಾಟಿನ ಮುಂಗಡ ಎಂದು ತೋರಿಸಲು ಈಗ ವಾಟ್ಸಾಪ್ ಮಾತುಕತೆಯೇ ಆಧಾರ.

ವಿಲ್ ಮಾತ್ರ ಅರ್ಧ ಆಗಿದೆ. ಮುಸ್ಲಿಮೇತರರು ದುಬೈಯ ಆಸ್ತಿಗೆ ಡಿಐಎಫ್‌ಸಿ ಎಂಬ ದುಬೈಯ ಹಣಕಾಸು ಕೇಂದ್ರದಲ್ಲಿ ವಿಲ್ ನೋಂದಾಯಿಸಬಹುದು. ಅಕ್ಕ ತಮ್ಮದೇ ಪಾಲನ್ನು ಮಗಳಿಗೆ ಬರೆದು ನೋಂದಾಯಿಸಿದ್ದಾರೆ, ಊರಿನ ಆಸ್ತಿಗೆ ಇಲ್ಲಿ ಬೇರೆ ವಿಲ್ ಇದೆ. ತಮ್ಮ ಇನ್ನೂ ಮಾಡಿಸಿಲ್ಲ. ಮಳೆಗಾಲ ಕಳೆದು ಊರಿಗೆ ಬಂದಾಗ ಕೂತು ಮಾತಾಡೋಣ ಎನ್ನುತ್ತಾರೆ. ಅದಕ್ಕೆ ಊರಿಗೆ ಬರುವ ಅಗತ್ಯವೇ ಇಲ್ಲ, ವಿಡಿಯೊ ಕರೆಯಲ್ಲೂ ನೋಂದಣಿ ಆಗುತ್ತದೆ ಎಂದು ಅಕ್ಕನ ಮಗಳು ಲಿಂಕ್ ಕಳಿಸಿದ್ದಾಳೆ.